ಅದು ಬ್ರೇಕಪ್ ಕಾಯಿಲೆ ಅಲ್ಲ ಕಣ್ರೋ (ಭಾಗ 4)

'ಬ್ರೋಕನ್ ಹಾರ್ಟ್ ಸಿಂಡ್ರೋಮ್' ಅಂತ ಬರೋ ರೀಲ್ಸ್ ಎಲ್ಲಾ ಒಂದೇ ಥರ. ಮಳೆ, ಗಡ್ಡದ ಹುಡುಗ, ಸ್ಯಾಡ್ ಬಿಜಿಎಂ. ಹುಡುಗಿ ಕೈಕೊಟ್ರೆ ಹೃದಯ ನಿಜವಾಗ್ಲೂ ಒಡೆಯುತ್ತೆ, ಸೈನ್ಸೇ ಹೇಳಿದೆ ಅಂತೆ.

ಸೈನ್ಸ್ ಹೇಳಿರೋದು ಬೇರೆ. ಇದರ ಹೆಸರು ಟಾಕೊತ್ಸುಬೊ. ಜಪಾನಿನಲ್ಲಿ ಆಕ್ಟೋಪಸ್ ಹಿಡಿಯೋ ಮಡಕೆಗೆ ಹಾಗಂತಾರೆ. ಕತ್ತು ಸಣ್ಣ, ಹೊಟ್ಟೆ ದಪ್ಪ. ವಿಪರೀತ ಒತ್ತಡದಲ್ಲಿ ಎಡ ಹೃತ್ಕುಕ್ಷಿಯ ತುದಿ ಅಲ್ಲಾಡದೆ ಉಬ್ಬಿಕೊಂಡಾಗ ಅದೇ ಆಕಾರ ಕಾಣುತ್ತೆ ಅಂತ 1990ರಲ್ಲಿ ಅಲ್ಲಿನ ವೈದ್ಯರು ಈ ಹೆಸರಿಟ್ಟರು.

2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 1750 ರೋಗಿಗಳ ಅಧ್ಯಯನ ಬಂತು. ಸುಮಾರು ಶೇ 90 ಹೆಂಗಸರು, ಸರಾಸರಿ ವಯಸ್ಸು 67ರ ಹತ್ತಿರ. ಗಡ್ಡದ ಹುಡುಗ ಎಲ್ಲಪ್ಪಾ? ಮನಸ್ಸಿನ ಆಘಾತಕ್ಕಿಂತ ಸರ್ಜರಿ, ಉಸಿರಾಟದ ತೊಂದರೆಯಂಥ ದೈಹಿಕ ಕಾರಣಗಳೇ ಅದರಲ್ಲಿ ಜಾಸ್ತಿ. ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ಕಾರಣವೇ ಸಿಗಲಿಲ್ಲ. (ಬಿಕಾಂ ಹುಡುಗನಿಗೆ ಇದೆಲ್ಲ ಯಾಕೆ ಅನ್ನೋರಿಗೆ: ಪರ್ಸೆಂಟೇಜ್ ಓದೋಕೆ ಎಂಬಿಬಿಎಸ್ ಬೇಡ.)

ನಂಗೆ ಸಿಟ್ಟು ಬರೋದು "ಕೆಲವೇ ವಾರದಲ್ಲಿ ತಾನಾಗೇ ಸರಿಹೋಗುತ್ತೆ" ಅನ್ನೋ ಸಾಲಿಗೆ. ಹೌದು, ಬಹುತೇಕರ ಪಂಪಿಂಗ್ ವಾಪಸ್ ಬರುತ್ತೆ. ಆದ್ರೆ ಆ ವಾರಗಳನ್ನ ದಾಟಬೇಕಲ್ಲ! ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹೃದಯದ ಲಯ ತಪ್ಪಬಹುದು. ಅಲ್ಲಾಡದ ತುದಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಅದು ಮೆದುಳಿಗೆ ಹೋದ್ರೆ ಸ್ಟ್ರೋಕ್. ಅಪರೂಪಕ್ಕೆ ಹೃದಯದ ಗೋಡೆಯೇ ಹರಿಯುತ್ತೆ. ಆ ಅಧ್ಯಯನದಲ್ಲಿ ಹತ್ತರಲ್ಲಿ ಒಬ್ಬರಿಗೆ ಬಿಪಿ ಕುಸಿದು ಕಾರ್ಡಿಯೋಜೆನಿಕ್ ಶಾಕ್ ಆಗಿತ್ತು. ಇನ್ನೂ ಕೆಟ್ಟದ್ದು ಏನಂದ್ರೆ, ಕೆಲವರಲ್ಲಿ ಹೃದಯದ ಬುಡ ಜಾಸ್ತಿ ಹಿಂಡಿಕೊಂಡು ರಕ್ತ ಹೊರಹೋಗೋ ದಾರಿಯನ್ನೇ ಅಡ್ಡಗಟ್ಟುತ್ತೆ. ಆಗ ಹೃದಯವನ್ನ ಜೋರಾಗಿ ಬಡಿಸೋಕೆ ಕೊಡೋ ಇಂಜೆಕ್ಷನ್ನೇ ಉಲ್ಟಾ ಹೊಡೆಯುತ್ತೆ. ಆಸ್ಪತ್ರೆಯಲ್ಲೇ ತೀರಿಕೊಂಡವರು ಸುಮಾರು ಶೇ 4. ಹಾರ್ಟ್ ಅಟ್ಯಾಕ್‌ನಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ.

ಈಗ ನಮ್ಮ ಮನೆಗಳಿಗೆ ಬನ್ನಿ. ಗಂಡ ಸತ್ತು ವಾರ ಆಗಿಲ್ಲ, ಮನೆ ತುಂಬಾ ನೆಂಟರು, ಅಜ್ಜಿ ಎದೆ ನೋವು ಅಂತಾಳೆ. "ದುಃಖಕ್ಕೆ ಹಾಗಾಗುತ್ತೆ, ಟೆನ್ಷನ್ ಮಾಡ್ಕೋಬೇಡ, ಗ್ಯಾಸ್ ಇರ್ಬೇಕು, ಜೀರಿಗೆ ಕಷಾಯ ಕುಡಿ." ಅದೇ ನೋವು ಮಗನಿಗೆ ಬಂದಿದ್ರೆ ಕಾರ್ ಆಗ್ಲೇ ಹೊರಟಿರ್ತಿತ್ತು. ಇಸಿಜಿ, ಟ್ರೋಪೋನಿನ್ ಎರಡರಲ್ಲೂ ಇದು ಅಟ್ಯಾಕ್ ಥರಾನೇ ಕಾಣೋದು. ಸಾಮಾನ್ಯವಾಗಿ ಆಂಜಿಯೋಗ್ರಾಮ್, ಎಕೋ ಆದ್ಮೇಲೇ ಡಾಕ್ಟರಿಗೂ ಗೊತ್ತಾಗೋದು. ಸೋಫಾ ಮೇಲೆ ಕೂತ ಚಿಕ್ಕಪ್ಪನಿಗೆ ಹೇಗೆ ಗೊತ್ತಾಯ್ತು? 108ಕ್ಕೆ ಫೋನ್ ಮಾಡ್ರಿ ಮೊದ್ಲು.

ಇನ್ನು ಆಸ್ಪತ್ರೆಯಿಂದ ಬಂದ್ಮೇಲಿನ ಡೈಲಾಗ್: "ಬ್ಲಾಕೇ ಇಲ್ವಂತೆ, ಬರೀ ಟೆನ್ಷನ್ನಂತೆ." ಎಲ್ರಿಗೂ ನಿರಾಳ. ಹೃದಯ ಚೇತರಿಸಿಕೊಂಡಿದ್ಯಾ ಅಂತ ನೋಡೋಕೆ ಬರೆದುಕೊಟ್ಟ ಎರಡನೇ ಎಕೋ ಚೀಟಿ ಕ್ಯಾಲೆಂಡರ್ ಹಿಂದೆ. ಮತ್ತೆ ಬರಬಹುದು ಅಂದಿದ್ದು ಯಾರಿಗೂ ನೆನಪಿಲ್ಲ. ಅಜ್ಜಿ ಮಾರನೇ ದಿನವೇ ಒಲೆ ಮುಂದೆ.