ಇನ್‌ಸ್ಟಾಲ್ ಆಗಲಿಲ್ಲವೆಂದು ಕನ್ನಡ ಬಿಡಬೇಡಿ, ಕಂಡಕಂಡಲ್ಲಿಂದ ಇಳಿಸಿಕೊಳ್ಳಲೂ ಬೇಡಿ!

ಪಡೀಲಿನ ಬಂಧುಗಳೇ,

2025ರ ಮೇ ತಿಂಗಳಲ್ಲಿ ಜಿಲ್ಲಾಧಿಕಾರಿ ಕಚೇರಿಯ ಹೊಸ ಕಟ್ಟಡ 'ಪ್ರಜಾಸೌಧ' ನಮ್ಮ ಪಡೀಲಿನಲ್ಲೇ ಉದ್ಘಾಟನೆಯಾಯಿತು. ಜಿಲ್ಲೆಯ ಮೂಲೆಮೂಲೆಯಿಂದ ಜನ ಅರ್ಜಿ ಹಿಡಿದು ಇಲ್ಲಿಗೆ ಬರುತ್ತಾರೆ. ಆ ಅರ್ಜಿ ಕನ್ನಡದಲ್ಲಿರಬೇಕು, ಬರೆಸಿದವರಿಗೆ ಓದಿ ಅರ್ಥವಾಗುವಂತಿರಬೇಕು. ಆದರೆ ಹೊಸ ಲ್ಯಾಪ್‌ಟಾಪಿಗೆ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ' ಹಾಕಲು ಹೊರಟವರು ಅರ್ಧದಲ್ಲೇ ಕೈಚೆಲ್ಲಿ, "ಇದರಲ್ಲಿ ಕನ್ನಡ ಆಗುವುದಿಲ್ಲ" ಎಂದು ಇಂಗ್ಲಿಷಿನಲ್ಲೇ ಟೈಪ್ ಮಾಡಿ ಕೊಡುತ್ತಾರೆ. ಆಗುತ್ತದೆ ಬಂಧುಗಳೇ, ಖಂಡಿತ ಆಗುತ್ತದೆ. ಕನ್ನಡದ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಇಲ್ಲೇ ಕಿನ್ನಿಕಂಬಳದವರು. ನುಡಿಯ ಕೀಲಿಮಣೆ ನಿಂತಿರುವುದು ಅವರ ಆ ವಿನ್ಯಾಸದ ಮೇಲೆ. ಅಂಥ ಊರಿನವರು ನಾವು ಒಂದು ಎರರ್ ಸಂದೇಶಕ್ಕೆ ಹೆದರಿ ಕನ್ನಡವನ್ನು ಬದಿಗಿಡುವುದೇ?

ಮೊದಲು ನೋಡಬೇಕಾದದ್ದು ಜಿಪ್ ಫೈಲು. ಡೌನ್‌ಲೋಡ್ ಆದದ್ದನ್ನು ಡಬಲ್ ಕ್ಲಿಕ್ ಮಾಡಿದರೆ ಮಾಮೂಲಿ ಫೋಲ್ಡರಿನಂತೆಯೇ ತೆರೆದುಕೊಳ್ಳುತ್ತದೆ, ಒಳಗೆ ಸೆಟಪ್ ಕಾಣುತ್ತದೆ. ಅದನ್ನು ಅಲ್ಲೇ ಒತ್ತಿದಿರೋ, ವಿಂಡೋಸ್ ಆ ಒಂದನ್ನು ಮಾತ್ರ ಹೊರಗೆ ತೆಗೆದು ಓಡಿಸುತ್ತದೆ. ಅದಕ್ಕೆ ಬೇಕಾದ ಉಳಿದ ಫೈಲುಗಳು ಒಳಗೇ ಉಳಿಯುತ್ತವೆ. "ಫೈಲ್ ಸಿಗಲಿಲ್ಲ" ಎಂಬ ದೂರು ಬರುವುದು ಹೀಗೆ. ಜಿಪ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಎಕ್ಸ್‌ಟ್ರಾಕ್ಟ್ ಆಲ್' ಕೊಟ್ಟು, ಬಿಡಿಸಿದ ಫೋಲ್ಡರಿನಿಂದ ಸೆಟಪ್ ನಡೆಸಿ. ಅದೂ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ಕೊಟ್ಟೇ ನಡೆಸಿ, ಏಕೆಂದರೆ ಫಾಂಟುಗಳನ್ನು ಎಲ್ಲ ಬಳಕೆದಾರರಿಗೂ ಸೇರಿಸಲು ಆ ಅಧಿಕಾರ ಬೇಕು. ನೆಟ್‌ವರ್ಕ್ ಕೈಕೊಟ್ಟು ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದರೆ ಫೈಲನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ. ಡಾಟ್‌ನೆಟ್ 3.5 ಕೇಳಿದರೆ ಕಂಟ್ರೋಲ್ ಪ್ಯಾನೆಲಿನ 'ವಿಂಡೋಸ್ ಫೀಚರ್ಸ್'ನಲ್ಲಿ ಅದನ್ನು ಆನ್ ಮಾಡಿ. ಹೊಸ ಲ್ಯಾಪ್‌ಟಾಪ್ ಹೊರಗಿನ ಯಾವ ತಂತ್ರಾಂಶವನ್ನೂ ಒಪ್ಪದಿದ್ದರೆ ಅದು 'ಎಸ್ ಮೋಡ್'ನಲ್ಲಿದೆಯೇ ನೋಡಿ. ಆ ಮೋಡ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರಿನದ್ದಷ್ಟೇ ನಡೆಯುತ್ತದೆ.

ಇನ್ನು ಸೆಟಪ್ ಒತ್ತಿದಾಗ ಕೆಲವೊಮ್ಮೆ ಬರುವ ನೀಲಿ ಪಟ್ಟಿ. "ವಿಂಡೋಸ್ ನಿಮ್ಮ ಕಂಪ್ಯೂಟರನ್ನು ರಕ್ಷಿಸಿದೆ" ಎನ್ನುತ್ತದೆ, ಮುಂದೆ ಹೋಗುವ ದಾರಿಯನ್ನು 'ಮೋರ್ ಇನ್ಫೋ'ದ ಒಳಗಿಟ್ಟಿರುತ್ತದೆ. ಇಲ್ಲಿ ದಯವಿಟ್ಟು ಒಂದು ನಿಮಿಷ ನಿಲ್ಲಿ. ಕೀಲಿಮಣೆ ತಂತ್ರಾಂಶ ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಗಮನಿಸುತ್ತದೆ, ಗಮನಿಸದೆ ಅದು ಅಕ್ಷರ ಮೂಡಿಸಲಾರದು. ಪಾಸ್‌ವರ್ಡ್ ಕದಿಯುವ ಕಳ್ಳ ತಂತ್ರಾಂಶದ ಕೆಲಸವೂ ಅದೇ. ಹಾಗಾಗಿ ಆ್ಯಂಟಿವೈರಸ್ ಅನುಮಾನಿಸುವುದು ಸಹಜ. ಫೈಲು ತಯಾರಕರ ಸ್ವಂತ ಜಾಲತಾಣದ್ದು, ನುಡಿಯಾದರೆ ಕನ್ನಡ ಗಣಕ ಪರಿಷತ್ತಿನದ್ದು, ಎಂಬುದು ಖಾತ್ರಿಯಿದ್ದರೆ ಮಾತ್ರ ಮುಂದುವರಿಯಿರಿ. ಯಾರೋ ಕಳಿಸಿದ ಲಿಂಕ್, ಹತ್ತು ಜಾಹೀರಾತುಗಳ ನಡುವೆ ಮಿನುಗುವ 'ಡೌನ್‌ಲೋಡ್' ಗುಂಡಿ, ಎಲ್ಲಿಂದಲೋ ಬಂದ ಪೆನ್‌ಡ್ರೈವ್ ಇವುಗಳಿಂದ ಬಂದದ್ದಾದರೆ ಅಲ್ಲೇ ಅಳಿಸಿ. ನುಡಿ ಉಚಿತ. ಉಚಿತವಾಗಿ ಸಿಗುವುದನ್ನು ಕಳ್ಳದಾರಿಯಲ್ಲಿ ತಂದು ಬ್ಯಾಂಕ್ ಖಾತೆ ಖಾಲಿ ಮಾಡಿಕೊಳ್ಳುವ ಗತಿ ನಮಗೆ ಬೇಡ. ಆ್ಯಂಟಿವೈರಸ್ ಪೂರ್ತಿ ಆಫ್ ಮಾಡಿ ಹಾಕಿಕೊಡುತ್ತೇನೆ ಎಂದವರಿಗೆ ಕಂಪ್ಯೂಟರ್ ಕೊಡಲೇಬೇಡಿ.

ಮೊಬೈಲಿನ ವಿಷಯದಲ್ಲಂತೂ ಇನ್ನೂ ಗಟ್ಟಿಯಾಗಿ ಹೇಳುತ್ತೇವೆ. ಟ್ರಾಫಿಕ್ ದಂಡ, ಮದುವೆ ಆಮಂತ್ರಣ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು ಇನ್‌ಸ್ಟಾಲ್ ಆಗದಿದ್ದರೆ ಅದಕ್ಕೆ ರಿಪೇರಿ ಹುಡುಕಬೇಡಿ. ಫೋನು ತಡೆದದ್ದೇ ಸರಿ. ಇಂಥ ಫೈಲು ಹಾಕಿಕೊಂಡು ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಷ್ಟಾದರೂ ನುಡಿ ಕೂರಲಿಲ್ಲವೇ? ಅರ್ಜಿ ನಿಲ್ಲಬೇಕಾಗಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಕನ್ನಡ ಆಗಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಿ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿ ಬದಲಾಯಿಸಿ. 2019ರಿಂದ ಉಚ್ಚಾರಣೆಯಂತೆ ಟೈಪ್ ಮಾಡುವ ಫೊನೆಟಿಕ್ ಕೀಲಿಮಣೆಯೂ ಅದರಲ್ಲಿದೆ. ಹೀಗೆ ಮೂಡುವುದು ಯುನಿಕೋಡ್ ಕನ್ನಡ, ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಓದಲು ಬರುತ್ತದೆ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ: ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಸೇರಿಸಿಕೊಂಡಿತ್ತು. ಇನ್ನೂ ಆಸ್ಕಿಗೆ ಅಂಟಿಕೊಳ್ಳಲು ನಮಗೆ ಕಾರಣ ಕಾಣುವುದಿಲ್ಲ.

ಪಡೀಲ್, ಬಜಾಲ್, ಕಣ್ಣೂರು, ಮರೋಳಿಯ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯವರೇ, ಅಧಿಕೃತ ತಾಣದಿಂದ ಒಮ್ಮೆ ಇಳಿಸಿ ಪರೀಕ್ಷಿಸಿದ ನುಡಿಯ ಪ್ರತಿಯನ್ನು ಇಟ್ಟುಕೊಳ್ಳಿ, ಅರ್ಜಿಗಳನ್ನು ಯುನಿಕೋಡಿನಲ್ಲೇ ಸಿದ್ಧಪಡಿಸಿ. ಅರ್ಜಿದಾರರೇ, "ಕನ್ನಡದಲ್ಲೇ ಟೈಪ್ ಮಾಡಿಕೊಡಿ" ಎಂದು ಬಾಯಿ ಬಿಟ್ಟು ಕೇಳಿ. ಕಾಲೇಜಿನ ಮಕ್ಕಳೇ, ಈ ವಾರ ಅಕ್ಕಪಕ್ಕದ ಒಂದು ಮನೆಯ ಕಂಪ್ಯೂಟರಿಗಾದರೂ ಕನ್ನಡ ಹಾಕಿಕೊಡಿ. ಸಹಾಯ ಕೇಳಿಕೊಂಡು ಹೋಗುವವರು ಪರದೆಯ ಮೇಲೆ ಬಂದ ಸಂದೇಶದ ಫೋಟೋ ತೆಗೆದುಕೊಂಡು ಹೋಗಿ. ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಹೆಚ್ಚಿನ ಸಲ ಅದರಲ್ಲೇ ಬರೆದಿರುತ್ತದೆ.

— ಪಡೀಲಿನ ಕೆಲವು ಕನ್ನಡ ಬೆರಳಚ್ಚುಗಾರರು