ಹಸಿರು ಚುಕ್ಕೆಯ ಮರೆಯಲ್ಲಿ ಮೂರು ಮಕಾರಗಳು

ನಗರವಾಸಿಗಳಾದ ನಮ್ಮ ಕುಟುಂಬಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಮಂತ್ರ ರೂಢಿಗೆ ಬಂದಿದೆ. ಬೆಂಗಳೂರಿನ ಚೀನೀ, ಥಾಯ್, ಜಪಾನೀ ಅಥವಾ ಕೊರಿಯನ್ ಉಪಾಹಾರ ಗೃಹವನ್ನು ಹೊಕ್ಕು ಕುಳಿತೊಡನೆ, ತಟ್ಟೆ ತರಲು ಬಂದ ಹುಡುಗನಿಗೆ 'ಜೈನ್ ಮಾಡಿಕೊಡಿ' ಎಂದು ಹೇಳುವುದು. ಅವನು ತಲೆಯಾಡಿಸುತ್ತಾನೆ. ನಾವು ನಿಶ್ಚಿಂತರಾಗುತ್ತೇವೆ. ಎರಡೇ ಶಬ್ದಗಳಲ್ಲಿ ಧರ್ಮದ ಹೊಣೆಯೆಲ್ಲ ನಮ್ಮ ಹೆಗಲಿನಿಂದ ಇಳಿದು ಅವನ ಹೆಗಲನ್ನೇರಿತೆಂದು ಭಾವಿಸಿ ಮಾತುಕತೆಯಲ್ಲಿ ಮಗ್ನರಾಗುತ್ತೇವೆ. ಈ ಮಂತ್ರಕ್ಕೆ ಯಾವ ಶಕ್ತಿಯೂ ಇಲ್ಲವೆಂಬುದನ್ನೂ, ಅದು ನಮ್ಮನ್ನೇ ನಾವು ವಂಚಿಸಿಕೊಳ್ಳುವ ಉಪಾಯವೆಂಬುದನ್ನೂ ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವೆನು. ನಾನು ಇಲ್ಲಿ ಪ್ರತಿಮಾಧಾರಿಗಳ ವಿಷಯವನ್ನು ಪ್ರಸ್ತಾಪಿಸುತ್ತಿಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನವೆಂದು ಮರ್ಯಾದೆಯನ್ನು ಲೆಕ್ಕ ಹಾಕುವ ವ್ರತಿಗಳು ಹೋಟೆಲಿನ ಹೊಸ್ತಿಲನ್ನೇ ತುಳಿಯುವುದಿಲ್ಲ; ಅವರಿಗೆ ಈ ಲೇಖನದ ಅಗತ್ಯವೂ ಇಲ್ಲ. ನಾನು ಹೇಳುತ್ತಿರುವುದು ನನ್ನಂಥ ಪಾಕ್ಷಿಕ ಶ್ರಾವಕನ ಮಾತು. ಅವನಿಗೆ ವಿಧಿಸಿರುವುದು ಬಹು ಕಡಿಮೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮೂಲಗುಣಗಳೆಂದರೆ ಪಂಚಾಣುವ್ರತಗಳ ಜೊತೆಗೆ ಮದ್ಯ, ಮಾಂಸ, ಮಧುಗಳ ತ್ಯಾಗ. ಅಮೃತಚಂದ್ರಾಚಾರ್ಯರು ಅಣುವ್ರತಗಳ ಸ್ಥಾನದಲ್ಲಿ ಪಂಚ ಉದುಂಬರ ಫಲಗಳನ್ನು ಹೇಳಿದರಾದರೂ ಈ ಮೂರು ಮಕಾರಗಳನ್ನು ಬಿಡಲಿಲ್ಲ. ಇವು ಜೈನತ್ವದ ಶಿಖರವಲ್ಲ, ಅಡಿಪಾಯ. ಇಷ್ಟನ್ನೂ ಉಳಿಸಿಕೊಳ್ಳಲಾರದವನು ಮಂದಿರದ ಶಿಖರಕ್ಕೆ ಚಿನ್ನದ ಕಳಶವನ್ನು ಏರಿಸಿ ಪ್ರಯೋಜನವೇನು?

ಈಗ 'ಜೈನ್' ಎಂದು ಮಾಡಿಕೊಟ್ಟ ತಟ್ಟೆಯನ್ನು ಪರಿಶೀಲಿಸೋಣ. ಅಡುಗೆಯವನ ತಿಳಿವಳಿಕೆಯಲ್ಲಿ ಜೈನ್ ಎಂದರೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು, ಅಷ್ಟೆ. ಅವನಿಗೆ ಹಾಗೆ ಕಲಿಸಿದವರು ನಾವೇ. ಹಸಿಶುಂಠಿಯನ್ನು ಧಾರಾಳವಾಗಿ ಹಾಕುತ್ತಾನೆ. ಅಲ್ಪಫಲ-ಬಹುವಿಘಾತವೆಂದು ಸಮಂತಭದ್ರರು ಬಿಡಹೇಳಿದ ಪದಾರ್ಥಗಳ ಸಾಲಿನಲ್ಲಿ ಅದೂ ಇದೆಯೆಂಬುದು ಅವನಿಗೆ ತಿಳಿಯದು, ನಮಗೂ ನೆನಪಿಲ್ಲ. ಅದಿರಲಿ, ಅದು ಸಣ್ಣ ವಿಷಯ. ದೊಡ್ಡ ವಿಷಯ ಸೀಸೆಗಳಲ್ಲಿದೆ.

ಥಾಯ್ ಅಡುಗೆಯಲ್ಲಿ ನಮ್ಮ ಉಪ್ಪಿನ ಸ್ಥಾನವನ್ನು ಪಡೆದಿರುವುದು 'ನಾಮ್ ಪ್ಲಾ'. ವಿಯೆಟ್ನಾಮಿನಲ್ಲಿ ಅದಕ್ಕೆ 'ನುವೋಕ್ ಮಾಮ್' ಎಂದು ಹೆಸರು. ಸಣ್ಣ ಮೀನುಗಳನ್ನು ಉಪ್ಪಿನೊಡನೆ ತೊಟ್ಟಿಗಳಲ್ಲಿ ತುಂಬಿ ತಿಂಗಳುಗಟ್ಟಲೆ ಕೊಳೆಯಿಸಿ ಬಸಿದು ತೆಗೆದ ರಸವದು. ನೋಡಲು ತಿಳಿಯಾದ ಕಷಾಯದಂತಿರುತ್ತದೆ. ಥಾಯ್ ಹಸಿರು ಮತ್ತು ಕೆಂಪು ಮೇಲೋಗರಗಳ ಮಸಾಲೆಯಲ್ಲಿ ಸಂಪ್ರದಾಯದಂತೆ 'ಕಪಿ' ಎಂಬ ಸಿಗಡಿಯ ಹಿಟ್ಟನ್ನು ಅರೆದು ಸೇರಿಸುತ್ತಾರೆ. ಚೀನೀ ಅಡುಗೆಯ ಆಯ್‌ಸ್ಟರ್ ಸಾಸ್ ಎಂಬುದು ಸಿಂಪಿಯ ಸಾರ. ಜಪಾನೀ ಮಿಸೊ ಸಾರಿನ ಮೂಲದ್ರವ್ಯವಾದ 'ದಾಶಿ'ಯನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನ ಹೆರೆತದಿಂದ ತೆಗೆಯುತ್ತಾರೆ. ಕೊರಿಯನ್ನರ ಕಿಮ್ಚಿ ಎಲೆಕೋಸಿನ ಉಪ್ಪಿನಕಾಯಿಯೆಂದು ನಾವು ಹಿಗ್ಗುತ್ತೇವೆ. ಅದು ಹುಳಿಯಲು ಬಹುಪಾಲು ಮನೆಗಳಲ್ಲಿ ಉಪ್ಪಿನಲ್ಲಿಟ್ಟ ಸಿಗಡಿ ಅಥವಾ ಮೀನಿನ ರಸವನ್ನು ಹಾಕುತ್ತಾರೆ. ತಟ್ಟೆಯಲ್ಲಿ ತುಂಡು ಕಾಣಿಸದು, ಮುಳ್ಳು ಕಾಣಿಸದು. ಕಾಣಿಸುವುದು ಅನ್ನ, ಕೋಸು, ಬೀನ್ಸು. ಹೀಗೆ ಮಾಂಸವು ರಸರೂಪದಲ್ಲಿ ಬಂದು ಕೂರುತ್ತದೆ.

ಎರಡನೆಯದು ಮದ್ಯ. ಚೀನೀ ಅಡುಗೆಮನೆಯ ಶಾವ್‌ಷಿಂಗ್ ಎಂಬ ಅಕ್ಕಿಯ ಮದ್ಯ, ಜಪಾನೀಯರ ಸಾಕೆ ಮತ್ತು ಮಿರಿನ್ ಇವು ಕುಡಿಯುವುದಕ್ಕಷ್ಟೇ ಅಲ್ಲ, ಒಗ್ಗರಣೆಗೂ ಬೇಕಾದವು. ಮೂರನೆಯದು ಮಧು. 'ಹನಿ ಚಿಲ್ಲಿ ಪೊಟ್ಯಾಟೊ' ಎಂಬ ತಿನಿಸನ್ನು ನಮ್ಮ ಮಕ್ಕಳು ಎಷ್ಟು ಆಸೆಯಿಂದ ತರಿಸುತ್ತಾರೆಂಬುದನ್ನು ಬಲ್ಲಿರಿ. ಹೆಸರಿನಲ್ಲೇ ಜೇನೂ ಇದೆ, ಕಂದಮೂಲವೂ ಇದೆ. ಜೈನನಿಗೆ ವರ್ಜ್ಯವಾದುದನ್ನು ಇಷ್ಟು ಪ್ರಾಮಾಣಿಕವಾಗಿ ಹೆಸರಿಸಿಕೊಂಡ ತಿನಿಸು ಇನ್ನೊಂದಿಲ್ಲ. ಆದರೂ ನಾವು ಓದುವುದಿಲ್ಲ.

'ಪಕ್ಕದಲ್ಲಿ ಹಸಿರು ಚುಕ್ಕೆ ಇದೆಯಲ್ಲ' ಎನ್ನುವರು. ಹಸಿರು ಚುಕ್ಕೆ ಸರಕಾರದ ಗುರುತು, ಶ್ರಾವಕಾಚಾರದ ಗುರುತಲ್ಲ. ನಮ್ಮ ದೇಶದ ಆಹಾರ ನಿಯಮಗಳು ಪ್ರಾಣಿಯ ಯಾವುದೇ ಅಂಗವನ್ನೂ ಮೊಟ್ಟೆಯನ್ನೂ ಮಾಂಸಾಹಾರವೆಂದು ಗಣಿಸುತ್ತವೆ, ಇದು ಸ್ತುತ್ಯವೇ. ಆದರೆ 2020ರ ಲೇಬಲ್ ನಿಯಮಗಳು ಹಾಲಿನೊಡನೆ ಜೇನನ್ನೂ ಆ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಅಕ್ಕಿಯಿಂದ ಇಳಿಸಿದ ಮದ್ಯ ಪ್ರಾಣಿಜನ್ಯವಲ್ಲವಾದ್ದರಿಂದ ಆ ವ್ಯಾಖ್ಯೆ ಅದನ್ನೂ ತಡೆಯದು. ಅಂದರೆ ಮೂರು ಮಕಾರಗಳಲ್ಲಿ ಎರಡು ಕಾನೂನಿಗೆ ಚ್ಯುತಿಯಿಲ್ಲದೆಯೇ ಹಸಿರು ಚುಕ್ಕೆಯ ಕೆಳಗೆ ಬರಬಹುದು. ಮೂರನೆಯದು ಅಡುಗೆಯವನ ಮರೆವಿನಿಂದ ಬರಬಹುದು.

ಇದನ್ನೆಲ್ಲ ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲ ಕಾಲದ ಹಿಂದೆ ನನ್ನ ಹಿರಿಯ ಮೊಮ್ಮಗ ತನ್ನ ಮೊದಲ ಸಂಬಳದಲ್ಲಿ ಮನೆಮಂದಿಯನ್ನೆಲ್ಲ ಇಂಥದೊಂದು ಭೋಜನಗೃಹಕ್ಕೆ ಕರೆದೊಯ್ದನು. ರಾತ್ರಿ ಎಂಟು ಗಂಟೆ. ನನ್ನ ಧರ್ಮಪತ್ನಿ ರಾತ್ರಿಭೋಜನ ತ್ಯಾಗದ ನಿಯಮವುಳ್ಳವಳು. ಮನೆಯಲ್ಲೇ ಉಂಡು ಬಂದು ಸುಮ್ಮನೆ ಕುಳಿತಿದ್ದಳು. ನಾನು ನಿಯಮವನ್ನು ಮುರಿದು ಉಣ್ಣಲು ಕುಳಿತೆ. ಮೊಮ್ಮಗ 'ಎಲ್ಲವೂ ಜೈನ್' ಎಂದು ಎರಡು ಬಾರಿ ಹೇಳಿದನು. ಅರ್ಧ ಊಟದಲ್ಲಿ ಕೈತೊಳೆಯಲೆಂದು ಎದ್ದು ಹೋದಾಗ ಅಡುಗೆಮನೆಯ ಬಾಗಿಲು ತೆರೆದಿತ್ತು. ಬಾಣಲೆಗೆ ಒಂದು ಸೀಸೆಯಿಂದ ರಸವನ್ನು ಸುರಿಯುತ್ತಿದ್ದ ತರುಣನನ್ನು ಕಂಡೆ. ಸೀಸೆಯ ಮೇಲೆ ಮೀನಿನ ಚಿತ್ರವಿತ್ತು. ಇದು ಯಾವ ಮೇಜಿಗೆಂದು ಹಿಂದಿಯಲ್ಲಿ ಕೇಳಿದೆ. ಅವನು ನಮ್ಮ ಮೇಜನ್ನೇ ತೋರಿಸಿ, ಇದಿಲ್ಲದೆ ರುಚಿ ಬರುವುದಿಲ್ಲವೆಂದೂ, ಈರುಳ್ಳಿ-ಬೆಳ್ಳುಳ್ಳಿ ಮುಟ್ಟಿಲ್ಲ, ತಾವು ಯೋಚಿಸಬೇಡಿರೆಂದೂ ವಿನಯದಿಂದ ಹೇಳಿದನು. ಅವನ ಮುಖದಲ್ಲಿ ಕಪಟದ ಲೇಶವೂ ಇರಲಿಲ್ಲ.

ನಾನು ಮೇಜಿಗೆ ಹಿಂದಿರುಗಿದೆ. ಹುಡುಗ ತನ್ನ ದುಡಿಮೆಯ ಹಣದಿಂದ ಎಲ್ಲರಿಗೂ ಬಡಿಸುತ್ತ ನಗುತ್ತಿದ್ದನು. ನಾನು ಏನನ್ನೂ ಹೇಳಲಿಲ್ಲ. ಹೊಟ್ಟೆ ತುಂಬಿತೆಂದು ತಟ್ಟೆಯನ್ನು ಸರಿಸಿ ಕುಳಿತೆ. ಉಳಿದವರೆಲ್ಲರೂ ಆ ಊಟವನ್ನು ಮುಗಿಸಿದರು.

ಮೂರು ದಿನಗಳ ನಂತರ ತಾಳಲಾರದೆ ಅವನಿಗೆ ತಿಳಿಸಿದೆ. ಬಹಳ ಹೊತ್ತು ಮೌನವಾಗಿದ್ದು, "ತಾತ, ನೀವು ಆಗಲೇ ಹೇಳಿದ್ದರೆ ಎದ್ದು ಬಂದುಬಿಡುತ್ತಿದ್ದೆವು. ನಿಮಗೊಬ್ಬರಿಗೆ ಗೊತ್ತಿತ್ತು. ನನಗೆ ತಿನ್ನಿಸಿದಿರಲ್ಲ" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಕೃತ, ಕಾರಿತ, ಅನುಮೋದಿತವೆಂದು ಹಿಂಸೆಯ ಮೂರು ದ್ವಾರಗಳನ್ನು ಸ್ವಾಧ್ಯಾಯ ಸಭೆಗಳಲ್ಲಿ ನಾನೇ ವಿವರಿಸಿದ್ದೇನೆ. ಆ ರಾತ್ರಿ ಮೂರನೆಯ ದ್ವಾರದಲ್ಲಿ ನಿಂತಿದ್ದವನು ನಾನು. ಆ ಅಡುಗೆಯವನದು ಅಜ್ಞಾನ, ಮೊಮ್ಮಗನದು ನಂಬಿಕೆ. ಪ್ರಮಾದವೆಂಬುದು ನನ್ನದು ಮಾತ್ರ. ಪ್ರಮಾದವೇ ಹಿಂಸೆಯ ಬೇರೆಂದು ತತ್ತ್ವಾರ್ಥಸೂತ್ರ ಬೋಧಿಸುವುದಲ್ಲವೇ?

ಆದುದರಿಂದ ನನ್ನ ಆಕ್ಷೇಪ ಪರದೇಶದ ಅಡುಗೆಯ ಮೇಲಲ್ಲ. 'ಚೀನೀಯರ ಊಟವೆಲ್ಲ ಹೊಲಸು' ಎಂದು ಮೂಗು ಮುರಿಯುವ ಹಿರಿಯರಿಗೂ ನನ್ನ ವಿರೋಧವಿದೆ. ಅದು ಧರ್ಮವಲ್ಲ, ದರ್ಪ. ಚೀನಾ ಮತ್ತು ಕೊರಿಯಾದ ಬೌದ್ಧ ವಿಹಾರಗಳಲ್ಲಿ ಮಾಂಸವನ್ನಷ್ಟೇ ಅಲ್ಲ, ಈರುಳ್ಳಿ-ಬೆಳ್ಳುಳ್ಳಿಗಳ ವರ್ಗದ ಐದು ಘಾಟು ಪದಾರ್ಥಗಳನ್ನೂ ಬಿಟ್ಟು ಅಡುಗೆ ಮಾಡುವ ಪರಂಪರೆ ಶತಮಾನಗಳಿಂದ ನಡೆದಿದೆ. ಜಪಾನಿನ ವಿಹಾರಗಳ 'ಶೋಜಿನ್ ರ್ಯೋರಿ'ಯಲ್ಲಿ ದಾಶಿಯನ್ನು ಮೀನಿನ ಬದಲು ಕೊಂಬು ಎಂಬ ಕಡಲಪಾಚಿಯಿಂದ ತೆಗೆಯುತ್ತಾರೆ. ಥಾಯ್ಲೆಂಡಿನಲ್ಲಿ ವರ್ಷಕ್ಕೊಮ್ಮೆ ಒಂಬತ್ತು ದಿನ 'ಜೇ' ವ್ರತವನ್ನು ಆಚರಿಸುವವರು ಮೀನಿನ ರಸವನ್ನು ಮುಟ್ಟುವುದಿಲ್ಲ. ಅಂಗಡಿಗಳು ಹಳದಿ ಬಾವುಟವನ್ನು ಕಟ್ಟಿ ಅದನ್ನು ಸಾರುತ್ತವೆ. ಅವರು ತಮ್ಮ ನೇಮಕ್ಕೆ ಬಾವುಟ ಕಟ್ಟುತ್ತಾರೆ. ನಾವು ನಮ್ಮ ನೇಮವನ್ನು ಕೇಳಲೂ ನಾಚುತ್ತೇವೆ.

ನಮ್ಮ ಭಯಗಳು ಕೂಡ ತಪ್ಪು ಜಾಗದಲ್ಲಿವೆ. ಅಜಿನೊಮೊಟೊ ಎಂದರೆ ಬೆಚ್ಚಿಬೀಳುವವರು ನಮ್ಮಲ್ಲಿ ಬಹಳ. 1908ರಲ್ಲಿ ಕಿಕುನಾಯೆ ಇಕೆಡಾ ಎಂಬ ಜಪಾನೀ ವಿಜ್ಞಾನಿ ಅದರ ರುಚಿಯ ಮೂಲವನ್ನು ಕಂಡುಕೊಂಡದ್ದು ಆ ಕೊಂಬು ಪಾಚಿಯಲ್ಲೇ. ಇಂದು ಅದನ್ನು ಕಬ್ಬು ಮುಂತಾದವುಗಳ ಸಕ್ಕರೆಯನ್ನು ಹುದುಗಿಸಿ ತಯಾರಿಸುತ್ತಾರೆ. ವ್ರತಿಗಳಿಗೆ ಅದೂ ಬೇಡ, ಸರಿ. ಆದರೆ ಅದರಲ್ಲಿ ಮೀನಿಲ್ಲ. ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣವನ್ನು ಕರ್ನಾಟಕ ಸರಕಾರ 2024ರ ಮಾರ್ಚಿಯಲ್ಲಿ ನಿಷೇಧಿಸಿದಾಗ ನಮ್ಮ ಮನೆಗಳಲ್ಲಿ ಎಷ್ಟು ಚರ್ಚೆ ನಡೆಯಿತು! ದೇಹಕ್ಕೆ ಕೇಡೆಂದೊಡನೆ ಎಚ್ಚೆತ್ತೆವು. ಆತ್ಮಕ್ಕೆ ಕೇಡೆಂದರೆ 'ಒಂದು ಚಮಚ ತಾನೆ' ಎನ್ನುತ್ತೇವೆ. ನಾನು ವ್ಯಾಪಾರಿ, ಖಾತೆಯಲ್ಲಿ ಒಂದು ರೂಪಾಯಿ ಕಡಿಮೆ ಬಂದರೂ ಅಡಾವೆ ತಾಳೆಯಾಗದೆಂಬುದನ್ನು ಬಲ್ಲೆ. ಒಂದು ಚಮಚದಲ್ಲಿ ಎಷ್ಟು ಮೀನುಗಳು ಕರಗಿವೆಯೆಂದು ಎಣಿಸಬಲ್ಲವರಾರು?

'ಸಹೋದ್ಯೋಗಿಗಳೊಡನೆ ಹೋಗದಿದ್ದರೆ ಮಕ್ಕಳು ಒಂಟಿಯಾಗುವರು' ಎಂಬ ವಾದದಲ್ಲಿ ಸತ್ಯಾಂಶವಿದೆ. ಹೋಗಲಿ, ಕುಳಿತುಕೊಳ್ಳಲಿ, ಕೇಳಿ ತಿನ್ನಲಿ, ಉತ್ತರ ಸಿಗದಿದ್ದರೆ ಎಳನೀರೋ ಹಣ್ಣೋ ಸಾಕೆನ್ನಲಿ. ನನ್ನ ಪತ್ನಿ ಆ ರಾತ್ರಿ ಏನನ್ನೂ ತಿನ್ನದೆ ಎಲ್ಲರೊಡನೆ ನಗುತ್ತ ಕುಳಿತಿದ್ದಳು. ಅವಳು ಒಂಟಿಯಾಗಿರಲಿಲ್ಲ. ಒಂಟಿಯಾಗಿದ್ದವನು, ಎಲ್ಲರೊಡನೆ ಉಂಡ ನಾನು.

ಕೇಳಬೇಕಾದ ಪ್ರಶ್ನೆಗಳು ಐದೇ: ಮೀನು, ಸಿಗಡಿ, ಸಿಂಪಿಯ ಸಾಸ್ ಇದೆಯೇ? ಸಾರಿಗೆ ಯಾವ ಮೂಲದ್ರವ್ಯ? ನೂಡಲ್ಸಿನಲ್ಲಿ ಮೊಟ್ಟೆಯಿದೆಯೇ? ಮದ್ಯ ಅಥವಾ ಜೇನು ಹಾಕುವಿರಾ? ಬಾಣಲೆ ಬೇರೆಯೇ? ಆಹಾರವನ್ನು ಬೆಳಕಿನಲ್ಲಿ ನೋಡಿ ಸೇವಿಸುವ ಆಲೋಕಿತ-ಪಾನಭೋಜನವನ್ನು ಅಹಿಂಸಾವ್ರತದ ಭಾವನೆಗಳಲ್ಲೊಂದೆಂದು ಆಚಾರ್ಯರು ಎಣಿಸಿದ್ದಾರೆ. ಸೀಸೆಗಳ ಈ ಕಾಲದಲ್ಲಿ ಕಣ್ಣಿನಿಂದ ನೋಡುವುದಷ್ಟೇ ಸಾಲದು, ಕೇಳಿಯೂ ನೋಡಬೇಕು.

ಕೊನೆಯದಾಗಿ ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಒಂದು ಮಾತು. ನಾನೂ ಅಂಥ ಮಂಡಳಿಯೊಂದರಲ್ಲಿ ಕುಳಿತವನೇ. ವಾರ್ಷಿಕ ಸಭೆಯ ನಂತರದ ರಾತ್ರಿ ಔತಣದ ಬಿಲ್ಲಿಗೆ ರುಜು ಹಾಕಿದವನೇ. ಬೆಂಗಳೂರಿನಲ್ಲಿ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲಿ, ವರ್ಷದ ದೀರ್ಘ ದಿನಗಳಲ್ಲಿ ಏಳಕ್ಕೆ ಮುಂಚೆ, ಅಸ್ತಮಿಸುತ್ತಾನೆ. ಆ ಹೊತ್ತಿಗೆ ನಮ್ಮ ಮಕ್ಕಳು ಕಚೇರಿಯಲ್ಲಿರುತ್ತಾರೆ, ಇಲ್ಲವೇ ರಸ್ತೆಯ ವಾಹನ ಸಂದಣಿಯಲ್ಲಿರುತ್ತಾರೆ. ಅವರಿಗೆ ರಾತ್ರಿಭೋಜನ ತ್ಯಾಗದ ಉಪನ್ಯಾಸ ಕೊಡುತ್ತೇವೆ, ಸಂಜೆಯ ತುತ್ತನ್ನು ಕೊಡುವುದಿಲ್ಲ. ಅಮೃತಶಿಲೆಗೆ ದಾನಿಗಳಿದ್ದಾರೆ, ಪಂಚಕಲ್ಯಾಣದ ಮಂಟಪಕ್ಕೆ ದಾನಿಗಳಿದ್ದಾರೆ. ಮಕ್ಕಳು ದುಡಿಯುವ ಬಡಾವಣೆಗಳಲ್ಲಿ ಐದೂವರೆಗೆ ಶುದ್ಧ ಊಟದ ಡಬ್ಬಿಯೊಂದನ್ನು ನ್ಯಾಯವಾದ ಬೆಲೆಗೆ ತಲುಪಿಸುವ ಪಾಕಶಾಲೆಗೆ ದಾನಿಗಳು ಸಿಗಲಾರರೇ? ಅದರಲ್ಲಿ ಅಕ್ಕಿ ನೂಡಲ್ಸನ್ನೂ ಸೋಯಾ ಪನೀರನ್ನೂ ಶ್ರಾವಿಕೆಯರೇ ಶೋಧಿಸಿ ಮಾಡಲಿ. ಮಕ್ಕಳ ನಾಲಗೆಗೂ ಗೌರವವಿರಲಿ.

ಅದಾಗುವವರೆಗೆ ಮೊದಲ ಹೆಜ್ಜೆ ಸುಲಭ. ಸಂಘದ ಯಾವ ಔತಣವೂ ಸೂರ್ಯಾಸ್ತದ ನಂತರ, ಪದಾರ್ಥ ತಿಳಿಯದ ಅಡುಗೆಮನೆಯಲ್ಲಿ ನಡೆಯದೆಂದು ಪ್ರತಿಯೊಂದು ಮಂಡಳಿಯೂ ಮುಂದಿನ ಸಭೆಯಲ್ಲಿ ನಿರ್ಣಯಿಸಲಿ. ಹಾಗೆಯೇ ಪ್ರತಿ ಮನೆಯ ಹಿರಿಯನೂ ಒಂದು ನಿಯಮವನ್ನು ಕೈಗೊಳ್ಳಲಿ: ತಿಳಿದ ಮೇಲೆ ಸುಮ್ಮನಿರುವುದಿಲ್ಲ. ಮಕ್ಕಳ ಸಂತೋಷ ಒಂದು ಕ್ಷಣ ಬಾಡೀತು. ಆದರೆ ಮೂರು ದಿನಗಳ ನಂತರ ನನ್ನ ಮೊಮ್ಮಗ ನನ್ನನ್ನು ನೋಡಿದ ನೋಟವನ್ನು ಯಾವ ಹಿರಿಯನೂ ಕಾಣದಿರಲಿ.