ಆಕಿ ಏನಾದಳು ಅಂತ ಯಾರು ಕೇಳಿದ್ರು?

ಅಕ್ಕಾರ, ವೈನಿ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.

2024ರ ಏಪ್ರಿಲ್‌ದಾಗ ಹಾಸನದ ಪೆನ್‌ಡ್ರೈವ್ ಸುದ್ದಿ ಎದ್ದಾಗ ನಮ್ಮ ಮನಿ ಟೀವ್ಯಾಗ ಅದನ್ನ ಹಂಚಿದವರು ಕಾಂಗ್ರೆಸ್ಸಿನವರು ಅಂತ ಕೂಗಾಟ. ಬಾಜೂ ಮನಿ ಟೀವ್ಯಾಗ ಇಂಥಾವರ ಜೋಡಿ ಬಿಜೆಪಿ ಯಾಕ ಕೂಡ್ತು ಅಂತ ಕೂಗಾಟ. ಎರಡೂ ಕೇಳಬೇಕಾದ ಮಾತs. ಆದ್ರ ಇವರ ಚಾನೆಲ್ ಆ ಮಾತು ಕೇಳೂದಿಲ್ಲ, ಅವರ ಚಾನೆಲ್ ಈ ಮಾತು ಕೇಳೂದಿಲ್ಲ. ಎರಡೂ ಕಡೆ ಹಿಂದಗಡೆ ಅವೇ ಮಸುಕು ಮಾಡಿದ ಮುಖ.

ನಮ್ಮನಿಗೆ ಭಾಂಡಿ ತಿಕ್ಕಾಕ ಬರಾಕಿ ಬಾಗಿಲದಾಗ ನಿಂತು ನೋಡಿ, "ಆ ಹೆಣ್ಣಮಕ್ಕಳು ಈಗ ಎಲ್ಲಿ ಅದಾರ್ರೀ ಅಕ್ಕಾರ?" ಅಂದ್ಲು. ಇಡೀ ಸಂಜಿ ಆ ಪ್ರಶ್ನೆ ಕೇಳಿದಾಕಿ ಆಕಿ ಒಬ್ಬಾಕೀನs. ನನಗ ನಾಚಿಕಿ ಬಂತು.

2025ರ ಆಗಸ್ಟ್ 2ಕ್ಕ ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣಗ ಜೀವಾವಧಿ ಶಿಕ್ಷೆ ಕೊಡ್ತು. ಆ ಕೇಸು ನಿಂತದ್ದು ಯಾವ ಆ್ಯಂಕರನ ಗಂಟಲಿನ ಮ್ಯಾಲೂ ಅಲ್ಲ. ಅವರ ತೋಟದ ಮನ್ಯಾಗ ದುಡೀತಿದ್ದ ಹೆಣ್ಣಮಗಳ ಸಾಕ್ಷಿ ಮ್ಯಾಲೆ, ಆಕಿ ಸೀರಿ ಮ್ಯಾಲೆ.

"ಎಲ್ಲಾ ಪಕ್ಷದವರೂ ಹಿಂಗs, ಬಿಡು" ಅಂತಾರ ನಮ್ಮ ಗಂಡಸರು. ಬಿಡೂದು ಹೆಂಗ್ರಿ? ಪಕ್ಷಕ್ಕ ಹೋಗೂದು ಒಂದು ಸೀಟು. ಆಕೀಗೆ ಹೋಗೂದು ಬದುಕು.

ಇನ್ನೊಮ್ಮೆ ಇಂಥಾ ಸುದ್ದಿ ಬಂದ್ರ ಯಾವ ಪಕ್ಷಕ್ಕ ಲಾಭ ಅಂತ ಕೇಳೂ ಮೊದಲು, ಆಕಿ ಏನಾದಳು ಅಂತ ಕೇಳ್ರಿ. ಅದನ್ನ ಹೇಳದ ಚಾನೆಲ್ ಬಂದ್ ಮಾಡ್ರಿ. ರಿಮೋಟ್ ಕೊಡಲಿಲ್ಲಾ ಅಂದ್ರ ಕಸಗೊಳ್ರಿ.